ಹೊಸ್ತಿಲಿಗಿಂತ ಎತ್ತರದ ನೆಲ

ನಾವು ಅಗೆದು ತೆಗೆದ ವಾಡೆಯ ಗೋಡೆಗಳು ಮೊಣಕಾಲಿನ ಎತ್ತರಕ್ಕಿಂತ ಹೆಚ್ಚು ಉಳಿದಿರಲಿಲ್ಲ. ಎಲ್ಲಿಂದ ಬೇಕಾದರೂ ಕಾಲೆತ್ತಿ ದಾಟಿ ಒಳಗೆ ಹೋಗಬಹುದಿತ್ತು. ಹಾಗೆ ಹೋಗಲು, ನಮ್ಮಲ್ಲಿ ಕೂಲಿಗೆ ಬರುತ್ತಿದ್ದ ದೊಡ್ಡವ್ವ ಮಾತ್ರ ಬಿಡುತ್ತಿರಲಿಲ್ಲ.

“ಮೇಡಂ, ಗೋಡಿ ಹಾದು ಬರ್ತೀರಲ್ರಿ, ಬಾಗ್ಲು ನಿಮಗೇನು ಮಾಡೈತೆ? ಸುತ್ಕಂಡು ಬರ್ರಿ” ಅನ್ನುವರು.

ಬಾಗಿಲು ಅಂದರೆ ಎರಡು ಗೋಡೆಗಳ ನಡುವೆ ಮೂರಡಿ ಖಾಲಿ ಜಾಗ, ಕೆಳಗೊಂದು ಸವೆದ ಕಲ್ಲಿನ ಹೊಸ್ತಿಲು. ಕದವಿಲ್ಲ, ಚೌಕಟ್ಟಿಲ್ಲ, ಮೇಲೆ ಬಟಾಬಯಲು ಆಕಾಶ. ದೊಡ್ಡವ್ವ ಮಣ್ಣಿನ ಪುಟ್ಟಿ ಹೊತ್ತುಕೊಂಡು ದಿನಕ್ಕೆ ಎಷ್ಟು ಸಲ ಓಡಾಡಿದರೂ ಅಷ್ಟು ಸಲವೂ ಸುತ್ತು ಹಾಕಿ, ಆ ಹೊಸ್ತಿಲನ್ನು ತುಳಿಯದೆ ದಾಟಿಯೇ ಒಳಗೆ ಬರುವರು, ಹೊರಗೆ ಹೋಗುವರು. ನಮ್ಮ ಸಾಹೇಬರಿಗೆ, ಅಂದರೆ ಉತ್ಖನನದ ಜವಾಬ್ದಾರಿ ಹೊತ್ತಿದ್ದ ಅಧಿಕಾರಿಗೆ, ಮೊದಮೊದಲು ಇದು ತಲೆನೋವಾಗಿತ್ತು. ಹತ್ತು ಹೆಜ್ಜೆಯ ದಾರಿಗೆ ಮೂವತ್ತು ಹೆಜ್ಜೆ ಹಾಕಿದರೆ ಕೆಲಸ ಮುಗಿಯುವುದು ಯಾವಾಗ ಎಂದು ಗೊಣಗುತ್ತಿದ್ದರು. ಒಂದು ಬೆಳಿಗ್ಗೆ ಅವರೇ ಅವಸರದಲ್ಲಿ ಗೋಡೆ ದಾಟಲು ಕಾಲೆತ್ತಿದವರು, ದೊಡ್ಡವ್ವನ ಮುಖ ನೋಡಿ, ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿ ಬಾಗಿಲ ಕಡೆ ನಡೆದರು. ಅಂದಿನಿಂದ ಕೆಲಸಗಾರರೆಲ್ಲ ಬಾಗಿಲಿನಿಂದಲೇ. ಕದ್ದುಮುಚ್ಚಿ ಗೋಡೆ ಹಾರುತ್ತಿದ್ದವಳು ನಾನೊಬ್ಬಳೇ.

ಹೋದ ತಿಂಗಳು ದೊಡ್ಡವ್ವನ ಮಗ ಹೊನ್ನಾಳಿಯಿಂದ ಫೋನ್ ಮಾಡಿದ್ದರು. “ಅವ್ವ ಹೋದ್ಲು ಮೇಡಂ. ಏನೂ ತ್ರಾಸ ಪಡ್ಲಿಲ್ಲ. ಮಧ್ಯಾಹ್ನ ಉಂಡು ಮಲಗಿದೋಳು ಏಳ್ಲಿಲ್ಲ” ಅಂದರು. ನನಗೆ ಆ ಕ್ಷಣ ಕಂಡದ್ದು ಸಾಹೇಬರ ಎತ್ತಿದ ಕಾಲು. ಅಳು ಬರುವುದಕ್ಕೆ ಮೊದಲು ನಗು ಬಂತು. ಫೋನಿನ ಆ ಕಡೆಯಲ್ಲಿದ್ದವರು ಏನಂದುಕೊಂಡರೋ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯವರೊಬ್ಬರು ಫೋಟೊ ತೆಗೆಯಲು ಬಂದಾಗ “ಬೇಕಾದ್ರೆ ಇದನ್ನ ತಗೀರಿ, ನಾನು ಬ್ಯಾಡ” ಎಂದು ಕ್ಯಾಮೆರಾದ ಮುಂದೆ ಪುಟ್ಟಿ ಇಟ್ಟು ಎದ್ದು ಹೋದವರು ಅವರು. ಮಾರನೆಯ ದಿನ ಪತ್ರಿಕೆಯಲ್ಲಿ ನಿಜವಾಗಿಯೂ ಪುಟ್ಟಿಯೇ ಬಂದಿತ್ತು. ಅದನ್ನು ನೋಡಿ ಅವರಿಗಾದ ಖುಷಿ ಹೇಳತೀರದು. ಕೆಲಸಗಾರರೆಲ್ಲ ಅವರನ್ನು ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅದನ್ನೇ ಹಿಡಿದುಕೊಂಡೆ.

ನಾನು ಉತ್ಖನನದ ಜಾಗದಲ್ಲಿ ನಕ್ಷೆ ಬರೆಯುವವಳು. ಗೋಡೆ ಎಲ್ಲಿದೆ, ಯಾವ ಮಣ್ಣಿನ ಪದರ ಎಷ್ಟು ಆಳದಲ್ಲಿದೆ ಎಂದು ಟೇಪು ಹಿಡಿದು ಅಳೆದು ಹಾಳೆಯ ಮೇಲೆ ಇಳಿಸುವುದು ನನ್ನ ಕೆಲಸ. ಜಗಳೂರಿನವಳು. ಮೂರು ವರ್ಷದ ಹಿಂದೆ ಸಂತೇಬೆನ್ನೂರಿನಲ್ಲಿ ಒಂದು ಕೋಣೆ ಹಿಡಿದು, ಅಲ್ಲಿಂದ ಸ್ಕೂಟರಿನಲ್ಲಿ ದೊಡ್ಡವ್ವನ ಹಳ್ಳಿಗೆ ಓಡಾಡುತ್ತಿದ್ದೆ. ಊರಾಚೆ ಮೆಕ್ಕೆಜೋಳದ ಹೊಲಗಳ ನಡುವೆ ಒಂದು ದಿಬ್ಬ. ಹಿಂದೆ ಅಲ್ಲಿ ಗೌಡರ ವಾಡೆ ಇತ್ತಂತೆ, ಸುತ್ತ ಹತ್ತು ಹಳ್ಳಿಗೆ ಅಷ್ಟು ದೊಡ್ಡ ಮನೆ ಇರಲಿಲ್ಲವಂತೆ. ಗೌಡರ ವಂಶದವರು ಊರು ಬಿಟ್ಟು ಯಾವ ಕಾಲವಾಯಿತೋ. ಮನೆ ಹೇಗೆ ಹಾಳಾಯಿತು ಅನ್ನುವುದಕ್ಕೆ ಮಾತ್ರ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರವಿತ್ತು: ಸುಟ್ಟು ಹೋಯಿತು. ಮನೆಯಲ್ಲಿ ದೀಪ ಹಚ್ಚಲು, ಒಲೆ ನೋಡಿಕೊಳ್ಳಲು ಇದ್ದ ಆಳು ಹೆಂಗಸೊಬ್ಬಳು ಬೆಂಕಿ ಆರಿಸದೆ ಮಲಗಿದಳು, ಬೆಳಗಾಗುವುದರೊಳಗೆ ವಾಡೆ ಬೂದಿಯಾಯಿತು. ಇದನ್ನು ನಮಗೆ ಮೊದಲ ದಿನವೇ ಹೇಳಿದವರು ಊರಿನ ಹಿರಿಯ ಯಜಮಾನರು. ತಾವೇ ಕಣ್ಣಾರೆ ಕಂಡವರ ಹಾಗೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅನ್ನುವುದನ್ನೂ ಸೇರಿಸಿ ಹೇಳಿದರು.

ದೊಡ್ಡವ್ವ ಕೂಲಿಗೆ ಬರಬೇಕಾದ ಅಗತ್ಯ ಇರಲಿಲ್ಲ. ಮಗ ಹೊನ್ನಾಳಿಯಲ್ಲಿ ಲೈನ್‌ಮನ್, ಮಗಳನ್ನು ಗೋವಿನಕೋವಿಗೆ ಕೊಟ್ಟಿದ್ದರು, ಇಬ್ಬರೂ ಮನೆಗೆ ಬಾ ಎಂದು ಕರೆಯುವವರೇ. ಅರವತ್ತೈದು ದಾಟಿದ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಸಾಹೇಬರೂ ಹಿಂದೆ ಮುಂದೆ ನೋಡಿದ್ದರು. “ಒಂದು ವಾರ ನೋಡ್ರಿ, ಆಗ್ಲಿಲ್ಲಾಂದ್ರೆ ನಾನೇ ಹೋಗ್ತೀನಿ” ಎಂದು ಜರಡಿಯ ಮುಂದೆ ಕೂತರು. ಆ ವಾರದಲ್ಲೇ ಹರೆಯದವರು ಮಣ್ಣೆಂದು ಎಸೆದದ್ದರೊಳಗಿಂದ ಎರಡು ಗಾಜಿನ ಬಳೆ ಚೂರು, ಒಂದು ಹಿತ್ತಾಳೆ ಗುಂಡಿ ಆರಿಸಿ ಕೊಟ್ಟರು. ಆಮೇಲೆ ಅವರನ್ನು ಕಳಿಸುವ ಮಾತೇ ಬರಲಿಲ್ಲ.

ಅವರಿಗೆ ಅದು ಹಾಳುಬಿದ್ದ ದಿಬ್ಬವಾಗಿರಲೇ ಇಲ್ಲ, ಮನೆಯಾಗಿತ್ತು. ನಾವು ಕೋಣೆಗಳಿಗೆ ನಂಬರು ಕೊಟ್ಟರೆ ಅವರು ಹೆಸರು ಕೊಡುವರು. ಮೂರನೇ ನಂಬರಿನ ಕೋಣೆಯನ್ನು ಸಾಹೇಬರು ಅಡುಗೆಮನೆ ಎಂದು ತೀರ್ಮಾನಿಸಿದ್ದರು. ದೊಡ್ಡವ್ವ ನನ್ನ ನೀರಿನ ಬಾಟಲಿ ತೆಗೆದುಕೊಂಡು ಕಲ್ಲುಹಾಸಿನ ಮೇಲೆ ಗಳಗಳ ಸುರಿದರು. ಜಗಳೂರಿನಂಥ ಬರದ ಸೀಮೆಯವಳಿಗೆ ಜೀವ ಹೋದ ಹಾಗಾಯಿತು, ಅಷ್ಟು ನೀರು! ಆದರೆ ಆ ನೀರು ಎಲ್ಲೂ ನಿಲ್ಲದೆ ಸರಸರ ಹರಿದು ಈಶಾನ್ಯದ ಮೂಲೆಗೆ ಹೋಯಿತು. “ಬಚ್ಚಲ್ರಿ ಇದು. ಅಡಿಗಿ ಮನ್ಯಾಗೆ ಹಿಂಗೆ ಇಳಿಜಾರು ಮಾಡಿದ್ರೆ ಗಡಿಗಿ ನಿಲ್ತಾವೇನು?” ಅಂದರು. ಆ ಮೂಲೆಯನ್ನು ಅಗೆದಾಗ ಕಲ್ಲಿನ ಮೋರಿ ಸಿಕ್ಕಿತು. ಸಾಹೇಬರು ನನ್ನ ನಕ್ಷೆಯಲ್ಲಿ ಅಡುಗೆಮನೆ ಎಂದಿದ್ದುದನ್ನು ತಾವೇ ಅಳಿಸಿದರು.

ಇನ್ನೊಂದು ದಿನ ನೆಲದಲ್ಲಿ ಹೂತ ಒರಳು ಸಿಕ್ಕಾಗ, ಅದರ ಮುಂದೆ ಕಾಲು ಚಾಚಿ ಕೂತು, ಖಾಲಿ ಕೈಯನ್ನೇ ರುಬ್ಬುವ ಹಾಗೆ ತಿರುಗಿಸಿ ನೋಡಿದರು. “ಬಲಗೈ ಆಡ್ಸಿದ್ರೆ ಮೊಣಕೈ ಗೋಡಿಗೆ ಬಡೀತೈತೆ. ಎಡಗೈಯಾಕಿ ಕಣ್ರಿ ಇವ್ಳು. ಆಕಿಗೆ ಅಂತಲೇ ಇಲ್ಲಿ ಹೂಳಿಸ್ಯಾರೆ” ಅಂದರು. ನಾನು ಅದನ್ನು ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದುಕೊಂಡೆ. ವರದಿಯಲ್ಲಿ ಸೇರಿಸುವ ಧೈರ್ಯವಾಗಲಿಲ್ಲ. ಈಗ ಅನ್ನಿಸುತ್ತದೆ, ಇಡೀ ವರದಿಯಲ್ಲಿ ಜೀವ ಇರುವ ವಾಕ್ಯ ಅದೊಂದೇ ಆಗುತ್ತಿತ್ತು.

ಬೆಂಕಿ ಆರಿಸದೆ ಮಲಗಿದಳು ಅನ್ನುವ ಆ ಆಳು ಹೆಂಗಸು ದೊಡ್ಡವ್ವನ ಮುತ್ತಜ್ಜಿ ಎಂದು ನನಗೆ ಗೊತ್ತಾದದ್ದು ತಿಂಗಳ ಮೇಲೆ. ಅದೂ ಅವರಿಂದಲ್ಲ. ಕುಡಿಯುವ ನೀರಿನ ಕೊಡದ ಹತ್ತಿರ ಕೆಲಸದ ಹೆಂಗಸೊಬ್ಬಳು ದನಿ ತಗ್ಗಿಸಿ ಹೇಳಿದಳು: “ಆಕಿ ಬೆಂಕಿ ಮನಿಯಾಕಿ ಮೇಡಂ. ಆ ಮನೆತನದೋರ ಕೈಲಿ ಇವತ್ತಿಗೂ ಮದುವಿ ಒಲಿ ಹಚ್ಸಲ್ಲ.” ಆ ಊರಿನಲ್ಲಿ ಮದುವೆಯ ಅಡುಗೆ ಶುರುವಾಗುವಾಗ ಹಿರಿಯ ಹೆಂಗಸರನ್ನು ಮನೆಮನೆಯಿಂದ ಕರೆದು ಒಲೆ ಪೂಜೆ ಮಾಡಿಸಿ, ಮೊದಲ ಬೆಂಕಿ ಹಚ್ಚಿಸುವ ಪದ್ಧತಿ. ಆ ಒಂದು ಮನೆಗೆ ಮಾತ್ರ ಆ ಕರೆ ಹೋಗುತ್ತಿರಲಿಲ್ಲ. ದೊಡ್ಡವ್ವ ಅದೇ ಊರಿನ ಮಗಳು, ಅದೇ ಊರಿನ ಸೊಸೆ. ಅವರಜ್ಜಿಗೆ, ಅವರವ್ವನಿಗೆ, ಅವರಿಗೆ, ಮೂವರಿಗೂ ಆ ಕರೆ ಬಂದಿರಲಿಲ್ಲ.

ನನಗೆ ಕೇಳದೆ ಇರಲಾಗಲಿಲ್ಲ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ. ಅವರು ರೊಟ್ಟಿ ಮುರಿಯುತ್ತಿದ್ದವರು ನಕ್ಕರು.

“ಒಲಿ ಹಚ್ಚಾಕೆ ಕರಿಯಲ್ರಿ. ಪಾತ್ರಿ ತಿಕ್ಕಾಕೆ ಮಾತ್ರ ಮೊದ್ಲು ನಮ್ಮನಿಗೇ ಬರ್ತಾರೆ.”

“ನಿಮಗೆ ಬೇಜಾರಾಗಲ್ವ ದೊಡ್ಡವ್ವ?”

“ಆಗ್ತೈತೆ. ಆಗಲ್ಲ ಅಂದ್ರೆ ಸುಳ್ಳಾಗ್ತೈತೆ.” ಮುರಿದ ರೊಟ್ಟಿಯ ಅರ್ಧ ನನ್ನ ಕೈಗಿಟ್ಟು ಮತ್ತೆ ಅಂದರು, “ಅದ್ಕೇ ಬಂದೀನ್ರಿ ಇಲ್ಲಿಗೆ. ಸುಟ್ಟಿದ್ದೇ ನಿಜ ಆದ್ರೆ ನಿಜ ಅಂತ ತಿಳ್ಕಂಡು ಸಾಯ್ತೀನಿ. ಇಲ್ಲಾಂದ್ರೆ ಇಲ್ಲ ಅಂತ ತಿಳ್ಕಂಡು ಸಾಯ್ತೀನಿ. ಎಲ್ಡ್ರಾಗೊಂದು ಗೊತ್ತಾಗ್ಲಿ.”

ಅದಾದ ಮೇಲೆ ಆ ದಿಬ್ಬವನ್ನು ನಾನು ಮೊದಲಿನ ಹಾಗೆ ನೋಡಲಾರದಾದೆ. ಒಂದೊಂದು ಗೇಣು ಕೆಳಗಿಳಿದಾಗಲೂ ಟೇಪು ಹಿಡಿಯುವ ಮೊದಲೇ ಬೂದಿ ಇದೆಯೇ ಎಂದು ಹುಡುಕುತ್ತಿದ್ದೆ. ನಕ್ಷೆ ಬರೆಯುವವರಿಗೆ ಇದು ಒಳ್ಳೆಯ ಲಕ್ಷಣವಲ್ಲ.

ಬಾಗಿಲು ದಾಟಿದೊಡನೆ ಸಿಗುವ ದೊಡ್ಡ ಕೋಣೆಯಲ್ಲಿ, ಅಂದರೆ ಪಡಸಾಲೆಯಲ್ಲಿ, ಬೂದಿ ಸಿಕ್ಕಿತು. ಮೊದಲು ಕಂಡವರು ಬೇರೆ ಯಾರೂ ಅಲ್ಲ, ದೊಡ್ಡವ್ವನೇ. ಅಂದು ಅವರು ಕರಣೆ ಹಿಡಿದು ಮಣ್ಣು ಕೆರೆಯುತ್ತಿದ್ದರು. ಒಮ್ಮೆಲೇ ಕೈ ನಿಂತಿತು. ಅಕ್ಕಪಕ್ಕ ಯಾರೂ ಇರಲಿಲ್ಲ, ನಾನು ದೂರದಿಂದ ನೋಡುತ್ತಿದ್ದೆ. ಮುಂಗೈಯುದ್ದದ ಒಂದು ಕರಿ ಕೊರಡು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಒಯ್ದು ಹೊಲಕ್ಕೆ ಎಸೆದಿದ್ದರೆ ನನ್ನನ್ನು ಬಿಟ್ಟು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಎದ್ದು ನಿಂತು, “ಸಾಹೇಬ್ರೇ, ಬರ್ರಿ. ಸುಟ್ಟಿದ್ದು ಸಿಕ್ಕೈತೆ” ಎಂದು ಕೂಗಿದರು.

ಎರಡು ದಿನದಲ್ಲಿ ಪಡಸಾಲೆಯ ಅರ್ಧ ಭಾಗದ ಮೇಲಿನ ಮಣ್ಣು ತೆಗೆದೆವು. ಕೆಳಗೆ ಕಪ್ಪಾಗಿ, ಅಲ್ಲಲ್ಲಿ ಇಟ್ಟಿಗೆಯ ಹಾಗೆ ಕೆಂಪಾಗಿ, ಬೆಂದು ಗಟ್ಟಿಯಾದ ನೆಲ. ಸಾಹೇಬರು ಕುಣಿಯುವುದೊಂದು ಬಾಕಿ. ಊರಿನವರ ಬಾಯಿಮಾತಿಗೆ ಮಣ್ಣೇ ಸಾಕ್ಷಿ ಹೇಳಿದೆ ಎಂದರು. ಕರಿ ಕೊರಡು ಮಾಳಿಗೆಗೆ, ಅಂದರೆ ಮಣ್ಣಿನ ಚಾವಣಿಗೆ, ಹಾಕಿದ್ದ ತೊಲೆಯ ತುಂಡು, ಬೆಂದದ್ದು ಪಡಸಾಲೆಯ ನೆಲ, ಎಲ್ಲ ಸರಿಹೋಯಿತು. ವಾರದಲ್ಲಿ ಕೆಲಸ ಮುಗಿಸುವುದು, ದಿಬ್ಬದ ಮುಂದೆ ನಿಲ್ಲಿಸುವ ಫಲಕದಲ್ಲಿ ‘ಬೆಂಕಿಯಲ್ಲಿ ನಾಶವಾದ ವಾಡೆ’ ಎಂದು ಬರೆಸುವುದು ಎಂದೂ ತೀರ್ಮಾನವಾಯಿತು. ಯಜಮಾನರು ಬಂದು ಬೂದಿ ನೋಡಿ, “ನಾ ಹೇಳ್ಲಿಲ್ವ” ಎಂದು ಮೀಸೆ ಮೇಲೆ ಕೈಯಾಡಿಸಿ ಹೋದರು.

ನಾನು ನಕ್ಷೆ ಬರೆಯಲು ಕೂತೆ. ಆ ಪದರದ ಹೆಸರು ಬರೆಯುವ ಕಡೆ ಪೆನ್ಸಿಲು ಮುಂದೆ ಹೋಗಲಿಲ್ಲ. ಕೊನೆಗೆ ‘ಕಪ್ಪು ಮಣ್ಣಿನ ಪದರ’ ಎಂದು ಬರೆದೆ. ಸುಳ್ಳೇನೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೆನ್ನ ಹಿಂದೆ ದೊಡ್ಡವ್ವ ನಿಂತಿದ್ದರು.

“ಏನಂತ ಬರೆದ್ರಿ? ಓದಿ ಹೇಳ್ರಿ.”

ಓದಿ ಹೇಳಿದೆ.

“ಸುಟ್ಟೈತೆ ಅಂತ ಬರೀಲಿಲ್ಲೇನು?”

ನಾನು ಪೆನ್ಸಿಲು ಕೆಳಗಿಟ್ಟೆ.

“ನನ್ ಮುಖ ನೋಡ್ಕಂಡು ಬರೀಬ್ಯಾಡ್ರಿ ಮೇಡಂ. ಸುಟ್ಟೈತೆ. ಸುಟ್ಟೈತೆ ಅಂತ ಬರೀರಿ.”

ಅಳಿಸಿ ಬರೆದೆ. ಓದಿದವಳು, ಸಂಬಳದ ಕೆಲಸದವಳು, ನನ್ನ ಕೆಲಸವನ್ನು ನೆಟ್ಟಗೆ ಮಾಡು ಎಂದು ಅಕ್ಷರ ಬಾರದ ಅವರ ಕೈಯಲ್ಲಿ ಹೇಳಿಸಿಕೊಂಡೆ. ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಆಮೇಲೆ ನಾಲ್ಕು ದಿನ ದೊಡ್ಡವ್ವ ಹೆಚ್ಚು ಮಾತಾಡಲಿಲ್ಲ. ಕೆಲಸ ತಪ್ಪಿಸಲಿಲ್ಲ, ಬಾಗಿಲಿನಿಂದ ಬಂದು ಬಾಗಿಲಿನಿಂದ ಹೋಗುವುದನ್ನೂ ಬಿಡಲಿಲ್ಲ. ಐದನೆಯ ದಿನ ನಾನು ಎಂದಿನಂತೆ ಗೋಡೆ ಹಾರಲು ಹೊರಟಾಗ ತಡೆದರು. ಬೈಯಲಿಲ್ಲ.

“ಒಂದ್ಸಲ ಬಾಗ್ಲಿಂದ ಬರ್ರಿ. ಕಣ್ಣು ಮುಚ್ಕಂಡು ಬರ್ರಿ.”

ಏನೋ ತಮಾಷೆ ಎಂದುಕೊಂಡು ಹೋಗಿ, ಹೊಸ್ತಿಲ ಮುಂದೆ ಕಣ್ಣು ಮುಚ್ಚಿ ಕಾಲೆತ್ತಿ ದಾಟಿದೆ. ಹೊಸ್ತಿಲು ದಾಟಿದ ಕಾಲು ಕೆಳಗಿಳಿಯಬೇಕು ತಾನೇ? ನನ್ನ ಬೆರಳು ನೆಲದ ಅಂಚಿಗೆ ಎಡವಿತು. ಮುಗ್ಗರಿಸಿ ಬೀಳುವುದರಲ್ಲಿದ್ದೆ.

“ಕಾಲು ಕೆಳಕ್ಕೆ ಹೋತೋ ಮೇಲಕ್ಕೆ ಹೋತೋ?”

“ಮೇಲಕ್ಕೆ.”

“ಹ್ಞಾ” ಎಂದು ಪುಟ್ಟಿ ಎತ್ತಿಕೊಂಡು ಹೋಗಿಯೇಬಿಟ್ಟರು.

ನಾನು ಅಲ್ಲೇ ಕೂತು ಟೇಪು ಬಿಚ್ಚಿದೆ. ಆ ಬೆಂದ ನೆಲ ಹೊಸ್ತಿಲ ಕಲ್ಲಿಗಿಂತ ಒಂದು ಗೇಣು ಎತ್ತರದಲ್ಲಿತ್ತು. ಹೊಸ್ತಿಲ ಅಳತೆ ನನ್ನ ಒಂದು ಹಾಳೆಯಲ್ಲಿತ್ತು, ನೆಲದ ಅಳತೆ ಇನ್ನೊಂದು ಹಾಳೆಯಲ್ಲಿತ್ತು. ಎರಡನ್ನೂ ಬರೆದವಳು ನಾನೇ. ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಯಾವ ಮನೆಯಲ್ಲಿ ಒಳಗಿನ ನೆಲ ಹೊಸ್ತಿಲಿಗಿಂತ ಎತ್ತರ ಇರುತ್ತದೆ? ದಿನಕ್ಕೆ ಐವತ್ತು ಸಲ ಆ ಬಾಗಿಲಿನಿಂದ ಓಡಾಡಿದ ಕಾಲಿಗೆ ಇದು ಎಂದೋ ಗೊತ್ತಾಗಿತ್ತು. ಗೋಡೆ ಹಾರುವವಳಿಗೆ ಹೇಗೆ ಗೊತ್ತಾಗಬೇಕು?

ಓಡಿಹೋಗಿ ಕೇಳಿದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು.

“ನಾ ಹೇಳಿದ್ರೆ ಬೆಂಕಿ ಮನಿಯಾಕಿ ಹೇಳ್ದಂಗೆ ಆಗ್ತೈತೆ. ನಿಮ್ಮ ಟೇಪು ಹೇಳಿದ್ರೆ ಟೇಪು ಹೇಳ್ದಂಗೆ. ನಾಕು ದಿನ ಕಾದೆ, ನಿಮ್ಮ ಟೇಪು ಬಾಯೇ ಬಿಡ್ಲಿಲ್ಲ. ಅದ್ಕೆ ಎಬ್ಬಿಸಿದೆ.”

ನಮ್ಮ ಸಾಹೇಬರು ಅವಸರದ ಮನುಷ್ಯ, ಆದರೆ ಸುಳ್ಳಿನ ಮನುಷ್ಯ ಅಲ್ಲ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗ ನನ್ನ ಟೇಪು ತೆಗೆದುಕೊಂಡು ತಾವೇ ಇನ್ನೊಮ್ಮೆ ಅಳೆದರು. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡು, “ಇದು ನೆಲ ಅಲ್ಲ ಅಂತಾದರೆ ನೆಲ ಇನ್ನೂ ಕೆಳಗಿದೆ. ಅಗೀರಿ” ಅಂದರು. ಕೆಲಸ ಮುಗಿಸುವ ದಿನವನ್ನು ಮುಂದಕ್ಕೆ ಹಾಕಿಸಿಕೊಂಡರು.

ಬೂದಿಯ ಕೆಳಗೆ ಬಿಳಿಚಾದ ಮಣ್ಣು ಬಂತು, ಪದರ ಪದರವಾಗಿ. ಅದನ್ನು ನೋಡಿದ ತಕ್ಷಣ ಕೆಲಸದ ಹೆಂಗಸರೆಲ್ಲ ಒಟ್ಟಿಗೆ “ಕರ್ಲು” ಅಂದರು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಮಾಳಿಗೆಯ ಮೇಲೆ ಹಾಕುವ ಸವುಳು ಮಣ್ಣು ಅದು, ನೀರು ಸೋರದಿರಲಿ ಎಂದು. ಅಂದರೆ ನಾವು ಅಗೆಯುತ್ತಿದ್ದದ್ದು ಕುಸಿದು ಬಿದ್ದ ಮಾಳಿಗೆ. ಅದು ಸುಟ್ಟಿರಲಿಲ್ಲ. ಹಸಿ ಹಸಿ ಮಣ್ಣು. ಅದರೊಳಗೆ ಜಂತೆಗಳಿದ್ದ ಕಡೆ ಮರವೇ ಇರಲಿಲ್ಲ, ಗೆದ್ದಲು ತಿಂದು ಬಿಟ್ಟ ಪೊಳ್ಳು ಕೊಳವೆಗಳಿದ್ದವು. ಮಾಳಿಗೆ ಸೋರಿ, ಗೆದ್ದಲು ಹಿಡಿದು, ತಾನಾಗಿ ಕೂತಿತ್ತು. ಬೆಂಕಿ ಬಿದ್ದದ್ದು ಎಲ್ಲ ಮುಗಿದು ಎಷ್ಟೋ ಕಾಲದ ಮೇಲೆ, ಆ ಮಣ್ಣಿನ ಗುಡ್ಡೆಯ ಮೇಲೆ. ಕರಿ ಕೊರಡನ್ನು ನಾನು ಮತ್ತೆ ತೆಗೆದು ನೋಡಿದೆ. ಒಂದು ಬದಿಯಲ್ಲಿ ತೊಗಟೆ ಹಾಗೇ ಇತ್ತು. ತೊಗಟೆ ಕೆತ್ತದೆ ಯಾವ ಬಡಗಿ ತೊಲೆ ಏರಿಸುತ್ತಾನೆ? ಅದು ಸೌದೆ. ಅಷ್ಟು ದಿನ ಅದನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು.

ಎಲ್ಲಕ್ಕಿಂತ ಕೆಳಗೆ ವಾಡೆಯ ನಿಜವಾದ ನೆಲ ಸಿಕ್ಕಿತು, ಹೊಸ್ತಿಲಿಗಿಂತ ತಗ್ಗಿನಲ್ಲಿ. ಸಗಣಿ ಸಾರಿಸಿದ ಗುರುತು ಅಲ್ಲಲ್ಲಿ ಇನ್ನೂ ಇತ್ತು. ಗಡಿಗೆಯಿಲ್ಲ, ದೀಪವಿಲ್ಲ, ಒಂದು ಮೊಳೆಯೂ ಇಲ್ಲ. ಇದ್ದವರು ಎಲ್ಲವನ್ನೂ ಹೊತ್ತುಕೊಂಡು, ಗುಡಿಸಿ, ಹೊರಟು ಹೋಗಿದ್ದ ಮನೆ. ದೊಡ್ಡವ್ವ ಆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅಂಗೈ ಊರಿದರು.

“ಖಾಲಿ ಮನಿ. ಎಲ್ಲಾ ತಗಂಡು ಹೋಗ್ಯಾರೆ. ಖಾಲಿ ಮನ್ಯಾಗೆ ನಮ್ಮುತ್ತಜ್ಜಿ ಯಾಕೆ ದೀಪ ಹಚ್ತಿದ್ಲು ಹೇಳ್ರಿ?”

ಅವರು ಅಳಲಿಲ್ಲ. ನಾನೇ ಅತ್ತೆ. “ನಿಮ್ಗೇನಾತು?” ಎಂದು ಅವರೇ ಕೇಳಿದರು.

ಕೊನೆಯ ದಿನ ಸಾಹೇಬರು ಊರಿನವರನ್ನೆಲ್ಲ ದಿಬ್ಬಕ್ಕೆ ಕರೆಸಿದರು. ಕೆಳಗಿನ ನೆಲ, ಬಿದ್ದ ಮಾಳಿಗೆ, ಅದರ ಮೇಲಿನ ಬೂದಿ, ಒಂದೊಂದನ್ನೂ ಬೊಟ್ಟು ಮಾಡಿ ತೋರಿಸಿದರು. ಒಂದು ಬದಿಯಲ್ಲಿ ಅಗೆಯದೆ ಉಳಿಸಿಕೊಂಡಿದ್ದ ಬೂದಿಯ ಜಾಗವನ್ನು ಅಷ್ಟು ಹೊತ್ತಿಗೆ ಪೂರ್ತಿ ಬಿಡಿಸಿದ್ದೆವು. ಮೇಲಿಂದ ನೋಡಿದರೆ ಉದ್ದನೆಯ ಕಾಲುವೆಯಂಥ ಗುಂಡಿ, ಅದರ ತುದಿಗೆ ದೊಡ್ಡ ದುಂಡು ಬಾಯಿ, ಪಕ್ಕದಲ್ಲಿ ತುಕ್ಕು ಹಿಡಿದ ಕೊಪ್ಪರಿಗೆಯ ಅಂಚಿನ ತುಂಡು. ಯಜಮಾನರು ಬಗ್ಗಿ ನೋಡಿದವರು ಸರಕ್ಕನೆ ನೆಟ್ಟಗಾದರು.

“ಇದು ಆಲೆಮನಿ ಒಲಿ ಅಲ್ಲೇನ್ರಿ! ಬೆಲ್ಲ ಕಾಸ್ಯಾರೆ ಇಲ್ಲಿ!”

ಯಜಮಾನರು ದೊಡ್ಡವ್ವನ ಕಡೆ ತಿರುಗಿದರು. “ನಮ್ಮಪ್ಪ ಹೇಳಿದ್ದನ್ನ ನಾ ಹೇಳ್ದೆ ಕಣವ್ವ. ತಪ್ಪಾತು. ಮುಂದಿನ ತಿಂಗಳು ಮೊಮ್ಮಗಳ ಮದುವಿ ಐತೆ, ಒಲಿ ನೀನೇ ಬಂದು ಹಚ್ಚಬೇಕು.”

“ಹಚ್ತೀನಿ ಯಜಮಾನ್ರೆ. ಪಾತ್ರಿ ತಿಕ್ಕಾಕೆ ಬ್ಯಾರೆಯೋರನ್ನ ನೋಡ್ಕಳ್ರಿ” ಅಂದರು ದೊಡ್ಡವ್ವ. ಎಲ್ಲರೂ ನಕ್ಕರು, ಯಜಮಾನರೂ ನಕ್ಕರು. ಇಡೀ ದಿಬ್ಬ ಹಗುರವಾದಂತೆ ಅನ್ನಿಸಿತು.

ಆ ನಗು ಇಳಿಯುತ್ತಿದ್ದ ಹಾಗೆ ಗುಂಪಿನಲ್ಲಿ ಯಾರೋ ಕೇಳಿದರು: “ಹಂಗಾರೆ ಇದು ಯಾರ ಆಲೆಮನಿ? ಬೆಂಕಿ ಹಾಕಿದೋರು ಯಾರು?”

ಒಬ್ಬರು ಒಂದು ಮನೆತನದ ಹೆಸರು ಹೇಳಿದರು, ಇನ್ನೊಬ್ಬರು ಅಲ್ಲ ಅಂದರು, ಮತ್ತೊಬ್ಬರ ದನಿ ಏರಿತು. ಆಮೇಲೆ ಎಲ್ಲರ ಕಣ್ಣೂ ದೊಡ್ಡವ್ವನ ಮೇಲೆ ನಿಂತವು. ವಾಡೆಯ ಹಳೆಯ ಮಾತು ಗೊತ್ತಿದ್ದರೆ ಆ ಮನೆಯವರಿಗೇ ಗೊತ್ತಿರಬೇಕು.

“ನಂಗೊತ್ತಿಲ್ರಪ್ಪ” ಎಂದು ಅವರು ಪುಟ್ಟಿಗಳನ್ನು ಒಂದರೊಳಗೊಂದು ಜೋಡಿಸತೊಡಗಿದರು.

ಸಂಜೆ ಅವರನ್ನು ಸ್ಕೂಟರಿನಲ್ಲಿ ಮನೆಗೆ ಬಿಡುವಾಗ, ಆ ಮುಖ ನನಗೆ ಕಾಣದೆ ಇರುವುದೇ ಅನುಕೂಲವಾಗಿ, ಕೇಳಿದೆ. “ನಿಜವಾಗ್ಲೂ ಗೊತ್ತಿಲ್ವ ದೊಡ್ಡವ್ವ?”

“ಗೊತ್ತೈತೆ. ಮಾಳಿಗಿ ಬಿದ್ದ ಮ್ಯಾಲೆ ಅಲ್ಲಿ ಬೆಲ್ಲ ಕಾಸ್ತಿದ್ರು ಅಂತ ನಮ್ಮಜ್ಜಿ ಹೇಳೋಳು, ಯಾರು ಅಂತಾನೂ ಹೇಳೋಳು. ನಮ್ಮನ್ಯೋರು ಹೇಳಿದ್ರೆ ಯಾರು ನಂಬ್ತಾರೆ? ನಂಗೇ ಪೂರ್ತಿ ನಂಬಿಕಿ ಇರ್ಲಿಲ್ಲ. ಸಮಾಧಾನಕ್ಕೆ ಕಟ್ಕಂಡಿರೋ ಕತಿ ಅನ್ಕಂಡಿದ್ದೆ.”

“ಮತ್ತೆ ಇವತ್ತು ಹೇಳಬಹುದಿತ್ತಲ್ಲ? ಇವತ್ತು ಎಲ್ಲರೂ ನಂಬುತ್ತಿದ್ದರು.”

“ಅದ್ಕೇ ಹೇಳ್ಲಿಲ್ಲ” ಅಂದರು. “ಅವ್ರು ಬೆಲ್ಲ ಕಾಸಿದ್ರು, ಅಷ್ಟೇ. ಪಾಪ, ಹಾಳು ಮನ್ಯಾಗೆ ಬೆಲ್ಲ ಕಾಸಿದ್ರೆ ತಪ್ಪೇನು? ಆದ್ರೆ ಹೆಸರು ಸಿಕ್ರೆ ಊರು ಸುಮ್ಕಿರ್ತೈತೇನ್ರಿ? ನಾಳಿಗೆ ಆ ಮನಿ ಹುಡುಗೀರನ್ನ ಒಲಿ ಹತ್ರ ಬಿಟ್ಕಳಲ್ಲ. ನಾ ಉಂಡಿದ್ದನ್ನ ಅವ್ರಿಗೂ ಬಡಿಸ್ಲೇನು?”

ಆ ಹೆಸರನ್ನು ಆಮೇಲೂ ನಾನು ಎರಡು ಮೂರು ಸಲ ಫೋನಿನಲ್ಲಿ ಕೇಳಿದ್ದೆ, ವರದಿಗೆ ಬೇಕು ಎಂದು ನೆವ ಹೇಳಿ. ಅವರು ಪ್ರತಿ ಸಲವೂ ನನ್ನ ಊಟ ಆಯಿತೋ ಇಲ್ಲವೋ ಎಂದು ವಿಚಾರಿಸಿ ಮಾತು ಮುಗಿಸಿದರು. ಹೋದ ತಿಂಗಳು ಅದನ್ನು ತಮ್ಮ ಜೊತೆಗೇ ತೆಗೆದುಕೊಂಡು ಹೋದರು. ಈಗ ಆ ಊರಿನಲ್ಲಿ ಆ ಬೆಂಕಿಗೆ ಯಾರ ಹೆಸರೂ ಇಲ್ಲ.